ಡಕೋಟಾ: ನ್ಯೂಯಾರ್ಕಿನ ಹಳೆಯ ವೈಭವದ ವಸತಿ ಕಟ್ಟಡದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಊರಿನಿಂದ ಬಂದ ನೆಂಟರನ್ನು ಸೆಂಟ್ರಲ್ ಪಾರ್ಕಿಗೆ ಕರೆದುಕೊಂಡು ಹೋದಾಗಲೆಲ್ಲ ಅವರನ್ನು 72ನೇ ಬೀದಿಯ ಮೂಲೆಯಲ್ಲಿ ಹತ್ತು ನಿಮಿಷ ನಿಲ್ಲಿಸುವುದು ನನ್ನ ರೂಢಿ. ಅಲ್ಲಿ ಹಳದಿ ಇಟ್ಟಿಗೆಯ, ಚೂಪು ಛಾವಣಿಗಳ ಒಂದು ದೊಡ್ಡ ಕಟ್ಟಡವಿದೆ. ಹೆಚ್ಚಿನವರು ಅದನ್ನು ಬೀಟಲ್ಸ್ ತಂಡದ ಗಾಯಕ ಜಾನ್ ಲೆನನ್ ಕೊಲೆಯಾದ ಜಾಗ ಎಂದಷ್ಟೇ ಬಲ್ಲರು. ನನಗೆ ಅದು ಮೊದಲು ಒಂದು ಮನೆ. ಅಪರಿಚಿತರ ಜೊತೆ ಒಂದೇ ಸೂರಿನಡಿ ಬಾಳುವುದು ಹೇಗೆ ಎಂದು ಒಂದು ದೊಡ್ಡ ನಗರ ಕಲಿತುಕೊಂಡ ಮನೆ. ಮಾವಂದಿರು, ಅತ್ತೆಯಂದಿರು, ಗೆಳೆಯರ ಅಪ್ಪ ಅಮ್ಮಂದಿರು ವರ್ಷಗಳಿಂದ ಕೇಳುತ್ತ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ.

ಡಕೋಟಾ ಎಲ್ಲಿದೆ? ಎಷ್ಟು ಹಳೆಯದು?

ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ, ಅಪ್ಪರ್ ವೆಸ್ಟ್ ಸೈಡ್ ಎಂಬ ಬಡಾವಣೆಯಲ್ಲಿದೆ. ಸೆಂಟ್ರಲ್ ಪಾರ್ಕಿನ ಪಶ್ಚಿಮ ಅಂಚಿನ ರಸ್ತೆ 72ನೇ ಬೀದಿಯನ್ನು ಸಂಧಿಸುವ ಕಡೆ, ವಾಯವ್ಯ ಮೂಲೆಯಲ್ಲಿ ನಿಂತಿದೆ. ಕೆಲಸ ಆರಂಭವಾದದ್ದು 1880ರಲ್ಲಿ, ಬಾಗಿಲು ತೆರೆದದ್ದು 1884ರ ಅಕ್ಟೋಬರ್‌ನಲ್ಲಿ. ಆಗ ಇದ್ದದ್ದು 65 ಮನೆಗಳು. ಬಾಗಿಲು ತೆರೆಯುವ ಮೊದಲೇ ಅಷ್ಟೂ ಬಾಡಿಗೆಗೆ ಹೋಗಿದ್ದವು.

ಇಂಥ ಕಟ್ಟಡಗಳನ್ನು ‘ಪ್ರಿ-ವಾರ್’ ಎನ್ನುತ್ತಾರಲ್ಲ, ಯಾವ ಯುದ್ಧಕ್ಕೆ ಮುಂಚೆ?

ಎರಡನೆಯ ಮಹಾಯುದ್ಧಕ್ಕೆ ಮುಂಚೆ. ನ್ಯೂಯಾರ್ಕಿನಲ್ಲಿ ಮನೆ ಮಾರುವವರು ಈ ಪದವನ್ನು ನಮ್ಮಲ್ಲಿ ‘ಹಳೆಯ ಕಾಲದ ಗಟ್ಟಿ ಮನೆ’ ಎನ್ನುವ ಹೆಮ್ಮೆಯಲ್ಲಿಯೇ ಬಳಸುತ್ತಾರೆ. ಎತ್ತರದ ಚಾವಣಿ, ದಪ್ಪ ಗೋಡೆ, ಗಾರೆಯ ನಯಗೆಲಸ, ಮರದ ಪಟ್ಟಿಗಳನ್ನು ಜೋಡಿಸಿದ ನೆಲ, ಬಾಗಿಲು ತೆರೆದೊಡನೆ ಎದುರಾಗುವ ವಿಶಾಲವಾದ ಪಡಸಾಲೆ, ಇಷ್ಟೂ ಆ ಒಂದು ಪದದಲ್ಲಿ ಅಡಗಿವೆ.

ಆದರೆ ಆ ಯುಗವನ್ನು ಮುಗಿಸಿದ್ದು ಯುದ್ಧವಲ್ಲ ಎಂಬುದನ್ನು ಗಮನಿಸಬೇಕು. 1929ರ ಷೇರುಪೇಟೆ ಕುಸಿತದ ನಂತರ ಹೊಸ ಕೆಲಸಗಳಿಗೆ ಹಣ ಹುಟ್ಟಲಿಲ್ಲ. ಆಗಾಗಲೇ ಅಡಿಪಾಯ ಕಂಡಿದ್ದ ಕಟ್ಟಡಗಳು 1930, 31ರ ಹೊತ್ತಿಗೆ ಮುಗಿದವು. ಅಲ್ಲಿಂದ ಮುಂದೆ ಆ ಅಳತೆಯ ಮನೆ ಕಟ್ಟುವ ಧೈರ್ಯ ಯಾರಿಗೂ ಬರಲಿಲ್ಲ. ಡಕೋಟಾ ಅವುಗಳಿಗೆಲ್ಲ ಅಜ್ಜಿಯಂತೆ, ನಾಲ್ಕು ದಶಕ ಹಿರಿಯದು.

ಕಟ್ಟಿಸಿದವರು ಯಾರು? ಅಷ್ಟು ಹಣ ಎಲ್ಲಿಂದ ಬಂತು?

ಇದಕ್ಕೆ ಉತ್ತರ ಹೇಳುವಾಗ ನನಗೆ ಅಜ್ಜಿಯ ಮನೆಯ ಕಿಟಕಿ ಪಕ್ಕದ ಹೊಲಿಗೆ ಯಂತ್ರ ನೆನಪಾಗುತ್ತದೆ. ಕಪ್ಪು ಮೈ, ಚಿನ್ನದ ಬಣ್ಣದ ಬಳ್ಳಿ, ಕಾಲಲ್ಲಿ ತುಳಿಯುವ ಕಬ್ಬಿಣದ ಜಾಲರಿ, ಅದರ ಮೇಲೆ ‘ಸಿಂಗರ್’ ಎಂಬ ಅಕ್ಷರ. ಡಕೋಟಾ ಕಟ್ಟಿದ್ದು ಆ ಯಂತ್ರದ ಹಣದಿಂದ.

ಐಸಾಕ್ ಸಿಂಗರ್ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1851ರಲ್ಲಿ. ಅವರ ಪಾಲುದಾರರಾಗಿದ್ದ ವಕೀಲ ಎಡ್ವರ್ಡ್ ಕ್ಲಾರ್ಕ್ ಒಂದು ಸಂಗತಿ ಕಂಡುಕೊಂಡರು: ಯಂತ್ರ ಎಲ್ಲರಿಗೂ ಬೇಕು, ಒಂದೇ ಸಲಕ್ಕೆ ಹಣ ಕೊಡುವ ಶಕ್ತಿ ಮಾತ್ರ ಹೆಚ್ಚಿನ ಮನೆಗಳಿಗಿಲ್ಲ. ಸ್ವಲ್ಪ ಮುಂಗಡ ಪಡೆದು ಯಂತ್ರ ಕೊಟ್ಟು, ಉಳಿದದ್ದನ್ನು ತಿಂಗಳು ತಿಂಗಳು ವಸೂಲು ಮಾಡುವ ಪದ್ಧತಿಯನ್ನು ಅವರು 1856ರ ಹೊತ್ತಿಗೆ ತಂದರು. ಇಂದು ನಾವು ಕಂತು ಎಂದು ಕರೆಯುವ ವ್ಯವಹಾರ ದೊಡ್ಡ ಪ್ರಮಾಣದಲ್ಲಿ ಬೇರು ಬಿಟ್ಟದ್ದು ಹೀಗೆ. ಮುಂದೆ ಕ್ಲಾರ್ಕ್ ಕಂಪನಿಯ ಅಧ್ಯಕ್ಷರೂ ಆದರು. ಹೊಲಿಯುವ ಹೆಂಗಸರು, ದರ್ಜಿಗಳು ತಿಂಗಳಿಗಿಷ್ಟು ಎಂದು ಕಟ್ಟಿದ ಹಣ ಕೂಡಿ ಕೂಡಿ ಈ ಅರಮನೆ ಎದ್ದಿತು. ಗೇಟಿನ ಮುಂದೆ ನಿಂತಾಗ ನನ್ನ ಮನಸ್ಸಿಗೆ ಬರುವ ಮೊದಲ ಯೋಚನೆ ಇದೇ.

ಕ್ಲಾರ್ಕ್ ಅವರಿಗೆ ಅದನ್ನು ಪೂರ್ತಿ ಕಾಣುವ ಭಾಗ್ಯ ಇರಲಿಲ್ಲ. 1882ರಲ್ಲಿ, ಕೆಲಸ ನಡೆದಿದ್ದಾಗಲೇ, ತೀರಿಕೊಂಡರು. ಕಟ್ಟಡ ಇನ್ನೂ ಬಾಲಕನಾಗಿದ್ದ ಮೊಮ್ಮಗನ ಪಾಲಿಗೆ ಬಂತು.

ಶ್ರೀಮಂತರು ಸ್ವಂತ ಮನೆ ಇಟ್ಟುಕೊಳ್ಳುವುದು ಬಿಟ್ಟು ಇಲ್ಲಿಗೆ ಬಾಡಿಗೆಗೆ ಏಕೆ ಬಂದರು?

ಆ ಕಾಲದ ನ್ಯೂಯಾರ್ಕಿನಲ್ಲಿ ಮರ್ಯಾದಸ್ಥ ಕುಟುಂಬ ಎಂದರೆ ಬೀದಿಗೆ ಮುಖ ಮಾಡಿದ ಸ್ವಂತ ಮನೆ. ಒಂದೇ ಕಟ್ಟಡದಲ್ಲಿ ಹಲವು ಸಂಸಾರ ಇರುವುದು ಬಡವರ ಪಾಡು ಎಂಬ ಭಾವನೆ ಗಟ್ಟಿಯಾಗಿತ್ತು. ಕೆಳ ಮ್ಯಾನ್‌ಹಟನ್‌ನ ಗಾಳಿ ಬೆಳಕಿಲ್ಲದ ವಠಾರಗಳಲ್ಲಿ ವಲಸಿಗರು ಕಿಕ್ಕಿರಿದು ಬದುಕುತ್ತಿದ್ದರು. ಅದೇ ಮಾದರಿಯ ಬದುಕನ್ನು ಹಣವಂತರು ಬಯಸಿಯಾರೇ?

ಬಯಸುವಂತೆ ಮಾಡಲು ಪ್ಯಾರಿಸ್ಸನ್ನು ತೋರಿಸಬೇಕಾಯಿತು. ಅಲ್ಲಿ ಗಣ್ಯರು ಬಹುಮಹಡಿ ಕಟ್ಟಡಗಳಲ್ಲಿಯೇ ವಾಸಿಸುತ್ತಿದ್ದರು. 1869ರಲ್ಲಿ ವಾಸ್ತುಶಿಲ್ಪಿ ರಿಚರ್ಡ್ ಮಾರಿಸ್ ಹಂಟ್ ಅದೇ ರೀತಿಯ ಸ್ಟೈವೆಸೆಂಟ್ ಎಂಬ ಕಟ್ಟಡವನ್ನು ನ್ಯೂಯಾರ್ಕಿಗೆ ತಂದರು. ಜನ ಅದನ್ನು ‘ಫ್ರೆಂಚ್ ಫ್ಲಾಟ್’ ಎಂದು ಕರೆದರು. ಇತ್ತ ನಗರದಲ್ಲಿ ನಿವೇಶನದ ಬೆಲೆ ಏರುತ್ತಿತ್ತು, ದೊಡ್ಡ ಮನೆ ನಡೆಸಲು ಬೇಕಾದ ಆಳುಗಳನ್ನು ಸಾಕುವ ಖರ್ಚೂ ಏರುತ್ತಿತ್ತು. ಜೊತೆಗೆ ಸುರಕ್ಷಿತ ಲಿಫ್ಟ್ ಬಂದಿತ್ತು. ಮೆಟ್ಟಿಲು ಹತ್ತಬೇಕಾಗಿದ್ದ ದಿನಗಳಲ್ಲಿ ಮೇಲಿನ ಮಹಡಿ ಎಂದರೆ ಅಗ್ಗದ ಮಹಡಿ. ಲಿಫ್ಟ್ ಬಂದ ಮೇಲೆ ಅದೇ ಮಹಡಿಗೆ ಗಾಳಿ, ಬೆಳಕು, ನೋಟದ ಬೆಲೆ ಬಂತು.

ಕ್ಲಾರ್ಕ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಸ್ವಂತ ಮನೆಯಲ್ಲಿ ಸಿಗದ ಸೌಕರ್ಯಗಳನ್ನು ಕಟ್ಟಡಕ್ಕೇ ಜೋಡಿಸಿದರು. ತನ್ನದೇ ವಿದ್ಯುತ್ ಸ್ಥಾವರ, ಇಡೀ ಕಟ್ಟಡವನ್ನು ಬೆಚ್ಚಗಿಡುವ ವ್ಯವಸ್ಥೆ, ದೊಡ್ಡ ಊಟದ ಸಭಾಂಗಣ, ಅಡುಗೆ ಬೇಡವೆನಿಸಿದ ದಿನ ಕೆಳಗಿನಿಂದ ಪುಟ್ಟ ಲಿಫ್ಟಿನಲ್ಲಿ ಮನೆಗೇ ಏರಿ ಬರುವ ಊಟ, ಹಿಂಬದಿಯಲ್ಲಿ ಟೆನಿಸ್ ಅಂಕಣ ಮತ್ತು ಹುಲ್ಲುಹಾಸು. ಐವತ್ತು ಅರವತ್ತು ಮನೆಗಳು ಸೇರಿದರೆ ಒಂಟಿ ಮನೆಗೆ ನಿಲುಕದ್ದು ನಿಲುಕುತ್ತದೆ ಎಂಬುದು ಅವರ ಲೆಕ್ಕ. ಇಂದಿನ ಬೆಂಗಳೂರಿನ ಅಪಾರ್ಟ್‌ಮೆಂಟ್ ಜಾಹೀರಾತುಗಳಲ್ಲಿ ಈಜುಕೊಳ, ಕ್ಲಬ್ ಹೌಸ್ ಎಂದು ಓದುವಾಗ ಇದು ಹಳೆಯ ಲೆಕ್ಕ ಎಂದು ನೆನಪಾಗುತ್ತದೆ.

ಊರಾಚೆ, ದೂರದ ಡಕೋಟಾ ಸೀಮೆಯಷ್ಟು ದೂರ ಇತ್ತು ಎಂದು ಈ ಹೆಸರು ಬಂತಂತೆ, ನಿಜವೇ?

ಮಾರ್ಗದರ್ಶಿಗಳೆಲ್ಲ ಹೇಳುವ ಕಥೆ ಇದು, ಕೇಳಲು ಸೊಗಸಾಗಿದೆ. ನಾನು ಮಾತ್ರ ಒಪ್ಪುವುದಿಲ್ಲ. ಈ ಕಥೆ ಅಚ್ಚಿನಲ್ಲಿ ಕಾಣಿಸಿಕೊಂಡದ್ದೇ 1933ರಲ್ಲಿ, ಕಟ್ಟಡಕ್ಕೆ ಅರ್ಧ ಶತಮಾನ ತುಂಬುತ್ತ ಬಂದಾಗ. ಮೇಲಾಗಿ ಆ ಜಾಗ ಅಂಥ ಕಾಡೂ ಆಗಿರಲಿಲ್ಲ. ಪ್ರಕೃತಿ ವಿಜ್ಞಾನದ ವಸ್ತುಸಂಗ್ರಹಾಲಯ 1877ರಲ್ಲಿಯೇ ಐದು ಬೀದಿ ಆಚೆ ತೆರೆದಿತ್ತು, ಎತ್ತರಿಸಿದ ಹಳಿಯ ರೈಲು 1879ರಲ್ಲಿ ಹತ್ತಿರದ ಅವೆನ್ಯೂಗೆ ಬಂದಿತ್ತು. ಸುತ್ತ ಖಾಲಿ ನಿವೇಶನಗಳಿದ್ದದ್ದು ನಿಜ, ಹಳೆಯ ಛಾಯಾಚಿತ್ರಗಳಲ್ಲಿ ಕಟ್ಟಡ ಒಂಟಿಯಾಗಿ ಕಾಣುತ್ತದೆ.

ಕ್ಲಾರ್ಕ್ ಅವರಿಗೆ ದೇಶದ ಪಶ್ಚಿಮ ಸೀಮೆಯ ಹೆಸರುಗಳ ಮೇಲೆ ವಿಶೇಷ ಪ್ರೀತಿ ಇತ್ತು. ಈ ಭಾಗದ ಅವೆನ್ಯೂಗಳಿಗೆ ಮೊಂಟಾನಾ, ವ್ಯೋಮಿಂಗ್, ಅರಿಜೋನಾ, ಇಡಾಹೊ ಎಂದು ಹೆಸರಿಡಬೇಕೆಂದು ಸೂಚಿಸಿದವರು ಅವರು. ಅದು ಕೈಗೂಡಲಿಲ್ಲ. ತಮ್ಮ ಕಟ್ಟಡಕ್ಕಾದರೂ ಇಟ್ಟುಕೊಂಡರು. 72ನೇ ಬೀದಿಯ ಹೆಬ್ಬಾಗಿಲಿನ ಮೇಲೆ ತಲೆಯೆತ್ತಿ ನೋಡಿದರೆ ಡಕೋಟಾ ಮೂಲನಿವಾಸಿಯೊಬ್ಬನ ಮುಖದ ಶಿಲ್ಪ ಕಾಣುತ್ತದೆ.

ವಾಸ್ತುಶಿಲ್ಪಿ ಯಾರು?

ಹೆನ್ರಿ ಹಾರ್ಡನ್‌ಬರ್ಗ್. ಕೆಲಸ ಕೈಗೆತ್ತಿಕೊಂಡಾಗ ಅವರಿಗೆ ಮೂವತ್ತರ ಹರೆಯ. ಮುಂದೆ 1907ರಲ್ಲಿ ಪಾರ್ಕಿನ ಇನ್ನೊಂದು ಮೂಲೆಯಲ್ಲಿ ತೆರೆದ ಪ್ಲಾಜಾ ಹೋಟೆಲ್ ಕೂಡ ಅವರದೇ. ಹಳೆಯ ವಾಲ್ಡಾರ್ಫ್ ಆಸ್ಟೋರಿಯಾ ಹೋಟೆಲನ್ನೂ ಅವರೇ ವಿನ್ಯಾಸ ಮಾಡಿದ್ದರು. ಅದನ್ನು ಕೆಡವಿದ ಜಾಗದಲ್ಲಿ ಎಂಪೈರ್ ಸ್ಟೇಟ್ ಕಟ್ಟಡ ಎದ್ದಿತು.

ಶೈಲಿಯನ್ನು ಸಾಮಾನ್ಯವಾಗಿ ಉತ್ತರ ಜರ್ಮನಿಯ ನವೋದಯ ಕಾಲದ್ದು ಎನ್ನುತ್ತಾರೆ. ಕಡಿದಾದ ಛಾವಣಿ, ಅದರೊಳಗಿಂದ ಇಣುಕುವ ಕಿಟಕಿಗಳು, ತ್ರಿಕೋನದ ಮುಡಿಗಳು, ಸುಟ್ಟ ಮಣ್ಣಿನ ಅಲಂಕಾರ ಫಲಕಗಳು. ಬೀದಿಗೂ ಗೋಡೆಗೂ ನಡುವೆ ನೀರಿಲ್ಲದ ಕಂದಕವಿದೆ. ಅದರ ಕಬ್ಬಿಣದ ಕಟಾಂಜನದಲ್ಲಿ ಗಡ್ಡದ ಮುಖಗಳನ್ನೂ ಸುತ್ತಿಕೊಂಡ ಡ್ರ್ಯಾಗನ್‌ಗಳನ್ನೂ ಎರಕ ಹೊಯ್ದಿದ್ದಾರೆ. ಮಕ್ಕಳನ್ನು ಕರೆದುಕೊಂಡು ಹೋದರೆ ಇದನ್ನು ತೋರಿಸಲು ಮರೆಯಬೇಡಿ.

ಕಟ್ಟಡದ ನಡುವೆ ಅಂಗಳ ಇದೆಯಂತೆ?

ಇದೆ, ನನ್ನ ಪ್ರಕಾರ ಡಕೋಟಾದ ಜೀವ ಇರುವುದೇ ಅಲ್ಲಿ. ಶಿವಮೊಗ್ಗ, ಚಿಕ್ಕಮಗಳೂರು ಕಡೆಯ ತೊಟ್ಟಿ ಮನೆ ನೋಡಿದವರಿಗೆ ನಕ್ಷೆ ತೋರಿಸಿದರೆ ತಕ್ಷಣ ಹೊಳೆಯುತ್ತದೆ. ನಾಲ್ಕೂ ಕಡೆ ಮನೆ, ನಡುವೆ ಆಕಾಶಕ್ಕೆ ತೆರೆದ ಜಾಗ. ಇವೆರಡಕ್ಕೂ ನೆಂಟಸ್ತಿಕೆ ಏನೂ ಇಲ್ಲ, ಹಾರ್ಡನ್‌ಬರ್ಗ್ ಮಾದರಿ ಯುರೋಪಿನದು. ಆದರೂ ಬೆಳಕನ್ನು ಮನೆಯ ಹೊಟ್ಟೆಯೊಳಕ್ಕೆ ಇಳಿಸಿಕೊಳ್ಳುವ ಉಪಾಯ ಒಂದೇ.

ಕುದುರೆ ಗಾಡಿ ಕಮಾನಿನ ಕೆಳಗೆ ಹಾದು ನೇರವಾಗಿ ಅಂಗಳಕ್ಕೆ ಬರುತ್ತಿತ್ತು. ಮಳೆಯೋ ಹಿಮವೋ ಬೀಳುತ್ತಿದ್ದರೂ ಬಂದವರು ನೆನೆಯದೆ ಇಳಿಯಬಹುದಿತ್ತು. ಅಂಗಳದ ನಾಲ್ಕು ಮೂಲೆಗಳಲ್ಲಿ ನಾಲ್ಕು ಬಾಗಿಲು, ಪ್ರತಿಯೊಂದಕ್ಕೂ ತನ್ನದೇ ಮೆಟ್ಟಿಲು ಮತ್ತು ಲಿಫ್ಟ್. ಈ ಒಂದು ವಿಭಜನೆಯಿಂದ ಎಂಥ ಉಪಕಾರವಾಯಿತು ನೋಡಿ. ಅರವತ್ತೈದು ಸಂಸಾರಗಳಿದ್ದರೂ ಒಂದು ಮಹಡಿಯಲ್ಲಿ ನಿಮ್ಮ ಬಾಗಿಲಿನ ಎದುರು ಬರುವವರು ಒಬ್ಬಿಬ್ಬರೇ. ಉದ್ದನೆಯ ಕಾರಿಡಾರ್, ಸಾಲು ಸಾಲು ಬಾಗಿಲು, ಹೋಟೆಲಿನಂತಹ ಅನಾಥ ಭಾವ, ಇವು ಇಲ್ಲಿಲ್ಲ. ನೆರೆಹೊರೆ ಬೇಕೆಂದರೆ ಅಂಗಳ, ಏಕಾಂತ ಬೇಕೆಂದರೆ ಮೂಲೆಯ ಮೆಟ್ಟಿಲು. ಇಂದು ಕಟ್ಟುವ ನಲವತ್ತು ಮಹಡಿಯ ಗೋಪುರಗಳಲ್ಲಿ ಈ ಎರಡೂ ಒಟ್ಟಿಗೆ ಸಿಗುವುದು ಅಪರೂಪ ಎಂಬ ಬೇಸರ ನನಗಿದೆ.

ಇನ್ನೊಂದು ಗುಣ ಗಾಳಿಯದು. ದಿವಾನಖಾನೆ, ದೊಡ್ಡ ಮಲಗುವ ಕೋಣೆ ಬೀದಿಯ ಕಡೆಗೆ. ಊಟದ ಕೋಣೆ, ಅಡುಗೆಮನೆ ಅಂಗಳದ ಕಡೆಗೆ. ಹಾಗಾಗಿ ಮನೆಗೆ ಎರಡು ಬದಿಯಿಂದ ಗಾಳಿ. ಅಂದಿನ ನ್ಯೂಯಾರ್ಕಿಗೆ ಇದು ಹೊಸದಾಗಿತ್ತು.

ಒಳಗೆ ಮನೆಗಳು ಎಷ್ಟು ದೊಡ್ಡವು?

ಒಂದರಂತೆ ಒಂದಿಲ್ಲ. ನಾಲ್ಕು ಕೋಣೆಯ ಮನೆಯೂ ಇತ್ತು, ಇಪ್ಪತ್ತು ಕೋಣೆಯದೂ ಇತ್ತು. ಕೆಲವು ದಿವಾನಖಾನೆಗಳ ಉದ್ದ 49 ಅಡಿ, ಚಾವಣಿಯ ಎತ್ತರ ಹಲವೆಡೆ 14 ಅಡಿ. ಇಂದಿನ ಫ್ಲಾಟುಗಳ ಒಂಬತ್ತು ಹತ್ತು ಅಡಿಯ ಪಕ್ಕದಲ್ಲಿ ಇಟ್ಟು ನೋಡಿ. ನೆಲಕ್ಕೆ ಮಹಾಗನಿ, ಓಕ್, ಚೆರಿ ಮರಗಳ ಕುಸುರಿ.

ಗೋಡೆಗಳು ಬಹಳ ದಪ್ಪ, ಪಕ್ಕದ ಮನೆಯ ಸದ್ದು ಕೇಳಿಸುವುದೇ ಇಲ್ಲ ಎನ್ನುತ್ತಾರೆ.

ಉಕ್ಕಿನ ಚೌಕಟ್ಟಿನ ಮೇಲೆ ಕಟ್ಟಡ ನಿಲ್ಲಿಸುವ ಪದ್ಧತಿ ಬರುವ ಮೊದಲಿನ ಕಟ್ಟಡ ಇದು. ಭಾರ ಹೊರುವುದು ಗೋಡೆಯೇ, ಆದ್ದರಿಂದ ಗೋಡೆ ದಪ್ಪವಾಗಿರಲೇಬೇಕು. ಮಹಡಿಗಳ ನಡುವೆ ಇಟ್ಟಿಗೆಯ ಪದರಗಳಿದ್ದು, ಅವುಗಳ ಮಧ್ಯೆ ಸೆಂಟ್ರಲ್ ಪಾರ್ಕಿನಿಂದ ತಂದ ಮಣ್ಣು ತುಂಬಿದ್ದಾರೆ ಎಂಬ ಮಾತು ಮೊದಲಿನಿಂದಲೂ ಇದೆ. ಬೆಂಕಿ ಹಬ್ಬದಿರಲಿ, ಸದ್ದು ಇಳಿಯದಿರಲಿ ಎಂಬುದು ಉದ್ದೇಶ. ನಮ್ಮ ಮಲೆನಾಡಿನ ಹಳೆಯ ಮನೆಗಳಲ್ಲಿ ಮರದ ಹಲಗೆಯ ಮೇಲೆ ಮಣ್ಣು ಹಾಸಿ ಅಟ್ಟ ಮಾಡಿರುವುದನ್ನು ಕಂಡವರಿಗೆ ಇದು ವಿಚಿತ್ರವೆನಿಸದು.

ಮನೆಗೆಲಸದವರು ಎಲ್ಲಿ ಇರುತ್ತಿದ್ದರು?

ಈ ಪ್ರಶ್ನೆಯನ್ನು ಕೇಳುವವರು ಕಡಿಮೆ, ಕೇಳಿದವರನ್ನು ಕಂಡರೆ ನನಗೆ ಗೌರವ. ಮೇಲಿನ ಎರಡು ಅಂತಸ್ತುಗಳು, ಅಂದರೆ ಆ ಚಂದದ ಛಾವಣಿಯೊಳಗಿನ ಜಾಗ, ಬಹುಪಾಲು ಅವರಿಗೆ ಮೀಸಲಾಗಿತ್ತು. ಬಟ್ಟೆ ಒಗೆಯುವ, ಒಣಗಿಸುವ ಕೋಣೆಗಳೂ ಅಲ್ಲಿಯೇ. ಅವರು ಓಡಾಡಲು ಬೇರೆ ಮೆಟ್ಟಿಲು, ಬೇರೆ ಲಿಫ್ಟ್. ಯಜಮಾನರ ಕಣ್ಣಿಗೆ ಬೀಳದೆ ಕಲ್ಲಿದ್ದಲು, ಊಟ, ಕೊಳೆ ಬಟ್ಟೆ ಎಲ್ಲವೂ ಸಾಗಬೇಕಿತ್ತು.

ಹೊರಗಿನಿಂದ ನೋಡುವವರು ಮೆಚ್ಚುವುದು ಆ ಛಾವಣಿಯನ್ನೇ. ಅದರಡಿಯ ಪುಟ್ಟ ಕೋಣೆಗಳಲ್ಲಿ ಮಲಗುತ್ತಿದ್ದ, ಮುಂಜಾನೆ ಎದ್ದು ಒಲೆ ಹೊತ್ತಿಸುತ್ತಿದ್ದ ಹೆಂಗಸರ ಹೆಸರು ಯಾವ ಪ್ರವಾಸಿ ಫಲಕದಲ್ಲೂ ಇಲ್ಲ. ಅದು ನನ್ನನ್ನು ನೋಯಿಸುತ್ತದೆ. ಕಾಲಾನಂತರ ಆ ಕೋಣೆಗಳು ನಿವಾಸಿಗಳ ಕೈಗೆ ಹೋದವು. ಕೆಲವನ್ನು ಒಡೆದು ಒಂದು ಮಾಡಿ ಈಗ ಮನೆಗಳನ್ನಾಗಿ ಮಾಡಿಕೊಂಡಿದ್ದಾರೆ.

‘ಕ್ಲಾಸಿಕ್ ಸಿಕ್ಸ್’ ಎಂದರೇನು?

ಇದು ಡಕೋಟಾದ್ದಲ್ಲ, ನಂತರದ ಪ್ರಿ-ವಾರ್ ಕಟ್ಟಡಗಳ ಮಾತು. ದಿವಾನಖಾನೆ, ಪ್ರತ್ಯೇಕ ಊಟದ ಕೋಣೆ, ಅಡುಗೆಮನೆ, ಎರಡು ಮಲಗುವ ಕೋಣೆ, ಅಡುಗೆಮನೆಯ ಹಿಂದೆ ಕೆಲಸದವರ ಒಂದು ಸಣ್ಣ ಕೋಣೆ: ಒಟ್ಟು ಆರು. ಸ್ನಾನಗೃಹ ಲೆಕ್ಕಕ್ಕಿಲ್ಲ. ಇನ್ನೊಂದು ಮಲಗುವ ಕೋಣೆ ಸೇರಿದರೆ ‘ಕ್ಲಾಸಿಕ್ ಸೆವೆನ್’. ಕೆಲಸದವರ ಆ ಕೋಣೆ ಈಗ ಹೆಚ್ಚಾಗಿ ಕಚೇರಿ ಕೋಣೆಯೋ ಮಗುವಿನ ಕೋಣೆಯೋ ಆಗಿರುತ್ತದೆ.

ಡಕೋಟಾದಲ್ಲಿ ಮನೆ ಕೊಳ್ಳುವುದು ಎಂದರೆ ಏನನ್ನು ಕೊಂಡಂತೆ?

ಷೇರುಗಳನ್ನು. ಇದು ಬೆಂಗಳೂರಿನವರಿಗೆ ಅರ್ಥ ಮಾಡಿಸಲು ಸ್ವಲ್ಪ ಕಷ್ಟ, ಮುಂಬಯಿ ಕನ್ನಡಿಗರಿಗೆ ಸುಲಭ. ಕರ್ನಾಟಕದಲ್ಲಿ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯಿದೆಯ ಪ್ರಕಾರ ಫ್ಲಾಟು ನಿಮ್ಮದು, ನೆಲದಲ್ಲಿ ಅವಿಭಜಿತ ಪಾಲೂ ನಿಮ್ಮದು. ಮುಂಬಯಿಯ ಸಹಕಾರ ವಸತಿ ಸಂಘಗಳಲ್ಲಿ ಕಟ್ಟಡ ಸಂಘದ್ದು, ಸದಸ್ಯರ ಕೈಯಲ್ಲಿ ಷೇರು ಪತ್ರ. ನ್ಯೂಯಾರ್ಕಿನ ‘ಕೋ-ಆಪ್’ ಈ ಎರಡನೆಯದಕ್ಕೆ ಹತ್ತಿರ.

ಇಡೀ ಕಟ್ಟಡದ ಒಡೆತನ ಒಂದು ಕಂಪನಿಯದು. ನೀವು ಆ ಕಂಪನಿಯ ಇಂತಿಷ್ಟು ಷೇರು ಕೊಳ್ಳುತ್ತೀರಿ, ಅದರ ಬಲದಿಂದ ಒಂದು ಮನೆಯಲ್ಲಿ ವಾಸಿಸುವ ದೀರ್ಘಾವಧಿಯ ಗೇಣಿ ಹಕ್ಕು ನಿಮಗೆ ಸಿಗುತ್ತದೆ. ದೊಡ್ಡ ಮನೆಗೆ ಹೆಚ್ಚು ಷೇರು. ಪ್ರತಿ ತಿಂಗಳು ಷೇರಿನ ಪ್ರಮಾಣದಲ್ಲಿ ನಿರ್ವಹಣಾ ಹಣ ಕಟ್ಟಬೇಕು. ಆಸ್ತಿ ತೆರಿಗೆ, ಕೆಲಸದವರ ಸಂಬಳ, ಬಿಸಿ ಹಬೆ, ದುರಸ್ತಿ, ಕಂಪನಿ ಕಟ್ಟಡದ ಮೇಲೆ ಸಾಲ ತೆಗೆದಿದ್ದರೆ ಅದರ ಕಂತು, ಎಲ್ಲವೂ ಅದರಲ್ಲಿ ಸೇರಿರುತ್ತದೆ. ನಮ್ಮ ಕಡೆಯವರು ಆ ಮೊತ್ತ ಕೇಳಿ ಬೆಚ್ಚುತ್ತಾರೆ, ಏಕೆಂದರೆ ಒಳ್ಳೆಯ ಕಟ್ಟಡಗಳಲ್ಲಿ ಅದೇ ಒಂದು ಮನೆಯ ಬಾಡಿಗೆಯಷ್ಟಿರುತ್ತದೆ.

ಡಕೋಟಾ ಹೀಗಾದದ್ದು 1961ರಲ್ಲಿ. ಅಲ್ಲಿಯವರೆಗೂ ಕ್ಲಾರ್ಕ್ ಮನೆತನದ ಕೈಯಲ್ಲಿದ್ದು ಎಲ್ಲರೂ ಬಾಡಿಗೆಯವರೇ. ಮನೆತನ ಮಾರಲು ಹೊರಟಾಗ, ಕಟ್ಟಡ ಎಲ್ಲಿ ನೆಲಸಮವಾಗುತ್ತದೋ ಎಂಬ ಆತಂಕದ ನಡುವೆ, ನಿವಾಸಿಗಳೇ ಒಟ್ಟಾಗಿ ಅದನ್ನು ತಮ್ಮದಾಗಿಸಿಕೊಂಡರು. ನೆರೆಯವರು ಒಂದಾಗದಿದ್ದರೆ ಇಂದು ಆ ಮೂಲೆಯಲ್ಲಿ ಏನಿರುತ್ತಿತ್ತೋ.

ಹಣವಿದ್ದರೆ ಸಾಕೇ? ‘ಬೋರ್ಡ್’ ಒಪ್ಪಬೇಕು ಎನ್ನುತ್ತಾರಲ್ಲ?

ಸಾಲದು. ನಿವಾಸಿಗಳು ಆರಿಸಿದ ಮಂಡಳಿ ನಿಮ್ಮನ್ನು ಒಪ್ಪಬೇಕು. ತೆರಿಗೆ ವಿವರ, ಬ್ಯಾಂಕ್ ಲೆಕ್ಕ, ಸಾಲಗಳ ಪಟ್ಟಿ, ಕೆಲಸದ ಕಡೆಯಿಂದಲೂ ಸ್ನೇಹಿತರಿಂದಲೂ ಪರಿಚಯ ಪತ್ರಗಳು, ಇಷ್ಟನ್ನು ಒಂದು ಕಟ್ಟಾಗಿ ಸಲ್ಲಿಸಿ ಕೊನೆಗೆ ಸಂದರ್ಶನಕ್ಕೆ ಕೂರಬೇಕು. ಹೆಣ್ಣು ನೋಡುವ ಶಾಸ್ತ್ರಕ್ಕಿಂತ ಬಿಗಿ ಎಂದು ನನ್ನ ಸೋದರಮಾವ ಹೇಳಿದ್ದರು.

ಇದರ ಹಿಂದೆ ಒಂದು ನ್ಯಾಯವಾದ ಕಾರಣವಿದೆ. ಒಬ್ಬರು ತಿಂಗಳ ಹಣ ಕಟ್ಟದಿದ್ದರೆ ಆ ಹೊರೆ ಉಳಿದವರ ಮೇಲೆ ಬೀಳುತ್ತದೆ, ಆದ್ದರಿಂದ ಹೊಸಬರ ಹಣಕಾಸು ನೋಡುವುದು ಸರಿ. ಕೆಟ್ಟ ಕಾರಣವೂ ಇತ್ತು. ಪಾರ್ಕ್ ಅವೆನ್ಯೂ, ಫಿಫ್ತ್ ಅವೆನ್ಯೂಗಳ ಎಷ್ಟೋ ಕಟ್ಟಡಗಳು ಯಹೂದಿಗಳನ್ನೂ ಕಪ್ಪು ಜನರನ್ನೂ ದಶಕಗಳ ಕಾಲ ಹೊರಗಿಟ್ಟವು. ಜನಾಂಗ, ಧರ್ಮ, ಮೂಲ ದೇಶದ ಆಧಾರದ ಮೇಲೆ ಮನೆ ನಿರಾಕರಿಸುವುದು 1968ರ ಕೇಂದ್ರ ಕಾನೂನಿನ ಪ್ರಕಾರ ಕಾನೂನುಬಾಹಿರ. ಆದರೆ ನಿರಾಕರಣೆಗೆ ಕಾರಣ ಹೇಳದೆ ಸುಮ್ಮನಿರುವ ಸಂಪ್ರದಾಯ ಈ ಮಂಡಳಿಗಳಲ್ಲಿ ಬಲವಾಗಿ ಬೇರೂರಿತು. ಕಾರಣ ಹೇಳದ ಕಡೆ ತಾರತಮ್ಯವನ್ನು ಸಾಬೀತು ಮಾಡುವುದು ಹೇಗೆ? ಈ ಕಟ್ಟಡಗಳನ್ನು ಎಷ್ಟು ಪ್ರೀತಿಸಿದರೂ ಈ ಗುಟ್ಟುತನವನ್ನು ನಾನು ಸಮರ್ಥಿಸಲಾರೆ. ಬೆಂಗಳೂರಿನಲ್ಲಿ ‘ನೀವು ಯಾವ ಜನ?’ ಎಂದು ಕೇಳಿಸಿಕೊಂಡು ಬಾಡಿಗೆ ಮನೆಯ ಮೆಟ್ಟಿಲಿಳಿದವರಿಗೆ ಇದರ ನೋವು ಬಿಡಿಸಿ ಹೇಳಬೇಕಿಲ್ಲ.

ಬೆಲೆ ಎಷ್ಟು?

ಒಂದು ಉದಾಹರಣೆ ಸಾಕು. ನಟಿ ಲಾರೆನ್ ಬಕಾಲ್ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಇಲ್ಲಿದ್ದರು, 2014ರಲ್ಲಿ ತೀರಿಕೊಂಡರು. ಮರುವರ್ಷ ಅವರ ಮನೆ ಸುಮಾರು 2.1 ಕೋಟಿ ಡಾಲರಿಗೆ ಮಾರಾಟವಾಯಿತು.

ಕೊಂಡ ಮೇಲೆ ನಮಗೆ ಬೇಕಾದಂತೆ ಬದಲಾಯಿಸಿಕೊಳ್ಳಬಹುದೇ?

ಹೊರಗಡೆ ಒಂದು ಕಿಟಕಿಯನ್ನೂ ಮನಸ್ಸಿಗೆ ಬಂದಂತೆ ಬದಲಾಯಿಸುವ ಹಾಗಿಲ್ಲ. 1963ರಲ್ಲಿ ಪೆನ್ ಸ್ಟೇಷನ್ ಎಂಬ ರೈಲು ನಿಲ್ದಾಣದ ನೆಲದ ಮೇಲಿನ ಹಳೆಯ ಭವ್ಯ ಕಟ್ಟಡವನ್ನು ಕೆಡವಲು ಆರಂಭಿಸಿದಾಗ ನ್ಯೂಯಾರ್ಕಿನ ಜನ ಎಚ್ಚೆತ್ತರು, 1965ರಲ್ಲಿ ಪಾರಂಪರಿಕ ಕಟ್ಟಡಗಳ ರಕ್ಷಣೆಗೆ ನಗರ ಕಾನೂನು ತಂದಿತು. ಡಕೋಟಾ 1969ರಲ್ಲಿ ಆ ರಕ್ಷಣೆಯಡಿ ಬಂತು, 1976ರಲ್ಲಿ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತಾಯಿತು. ಹೊರಮೈಯನ್ನು ಮುಟ್ಟಬೇಕಾದರೆ ನಗರದ ಆಯೋಗದ ಅನುಮತಿ ಬೇಕು.

ಒಳಗಡೆ ಮಂಡಳಿಯ ಮಾತು ನಡೆಯುತ್ತದೆ. ಪ್ರಿ-ವಾರ್ ಕೋ-ಆಪ್‌ಗಳಲ್ಲಿ ಸಾಮಾನ್ಯವಾಗಿರುವ ಒಂದು ನಿಯಮ ಹೇಳುತ್ತೇನೆ, ನಮ್ಮ ಕಡೆ ಮನೆ ಕಟ್ಟುವವರೂ ಗಮನಿಸಬೇಕಾದದ್ದು: ಕೆಳಗಿನವರ ಮಲಗುವ ಕೋಣೆಯ ಮೇಲೋ ದಿವಾನಖಾನೆಯ ಮೇಲೋ ಹೊಸದಾಗಿ ಬಚ್ಚಲನ್ನಾಗಲಿ ಅಡುಗೆಮನೆಯನ್ನಾಗಲಿ ತರುವಂತಿಲ್ಲ. ನೀರಿನ ಮೇಲೆ ನೀರೇ ಇರಬೇಕು. ಕೊಳವೆ ಸೋರಿದರೆ ಹಾಳಾಗುವುದು ನೆರೆಯವರ ಚಾವಣಿ ತಾನೇ. ಕೆಲಸದ ಗದ್ದಲಕ್ಕೆ ಹಗಲಿನ ಗೊತ್ತಾದ ಹೊತ್ತು, ವಾರದ ದಿನಗಳು ಮಾತ್ರ.

ಹಳೆಯ ಕಟ್ಟಡದಲ್ಲಿ ಬದುಕುವ ಕಷ್ಟಗಳೇನು?

ಹಬೆಯಿಂದ ಕಾಯುವ ರೇಡಿಯೇಟರುಗಳು ಚಳಿಗಾಲದಲ್ಲಿ ಬುಸುಗುಟ್ಟುತ್ತವೆ, ಟಣ್ ಟಣ್ ಎಂದು ಬಡಿದುಕೊಳ್ಳುತ್ತವೆ. ಎಷ್ಟೋ ಮನೆಗಳಲ್ಲಿ ಜನವರಿಯಲ್ಲೂ ಸೆಕೆ ತಾಳದೆ ಕಿಟಕಿ ತೆರೆದಿಟ್ಟುಕೊಳ್ಳುತ್ತಾರೆ. ಹಳೆಯ ವಿದ್ಯುತ್ ತಂತಿಗಳು ಇಂದಿನ ಯಂತ್ರಗಳ ಭಾರ ತಾಳುವುದಿಲ್ಲ. ಬಣ್ಣದ ಹಳೆಯ ಪದರಗಳಲ್ಲಿ ಸೀಸ ಇರಬಹುದು. ಮನೆಗಳಲ್ಲಿ ಸೀಸದ ಬಣ್ಣವನ್ನು ನ್ಯೂಯಾರ್ಕ್ ನಗರ 1960ರಲ್ಲಿಯೇ ನಿಷೇಧಿಸಿತು. ಚಿಕ್ಕ ಮಕ್ಕಳಿರುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ದೊಡ್ಡ ಖರ್ಚು ಹೊರಗೋಡೆಯದು. ಆರು ಅಂತಸ್ತಿಗಿಂತ ಎತ್ತರದ ಕಟ್ಟಡಗಳ ಹೊರಮೈಯನ್ನು ಐದು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು. 1979ರಲ್ಲಿ ಕಟ್ಟಡವೊಂದರಿಂದ ಕಳಚಿದ ಚೂರು ಬಿದ್ದು ಕಾಲೇಜು ವಿದ್ಯಾರ್ಥಿನಿಯೊಬ್ಬಳು ಸತ್ತಳು, ಮರುವರ್ಷ ಈ ಕಾನೂನು ಬಂತು. ನ್ಯೂಯಾರ್ಕಿನ ಕಾಲುದಾರಿಗಳ ಮೇಲೆ ಎಲ್ಲೆಲ್ಲೂ ಕಾಣುವ ಮರದ ಚಪ್ಪರಗಳಿಗೆ ಇದೇ ಮುಖ್ಯ ಕಾರಣ. ಪ್ರವಾಸಿಗಳು ಅವನ್ನು ಕಂಡು ಮುಖ ಸಿಂಡರಿಸುತ್ತಾರೆ, ಅದರ ಹಿಂದೆ ಒಂದು ಜೀವ ಹೋದದ್ದು ತಿಳಿದಿರಲಿ.

ಜಾನ್ ಲೆನನ್ ಇಲ್ಲಿಯೇ ಇದ್ದರೇ?

1973ರಿಂದ, ಪತ್ನಿ ಯೋಕೊ ಓನೊ ಜೊತೆ. 1980ರ ಡಿಸೆಂಬರ್ 8ರ ರಾತ್ರಿ, ಧ್ವನಿಮುದ್ರಣ ಮುಗಿಸಿ ಮನೆಗೆ ಮರಳುವಾಗ, 72ನೇ ಬೀದಿಯ ಕಮಾನಿನ ಬಳಿ ಅವರನ್ನು ಗುಂಡಿಟ್ಟು ಕೊಂದರು. ಮನೆಯ ಹೊಸ್ತಿಲಲ್ಲಿ ಆದ ಸಾವು ಅದು. ಎದುರಿಗೆ ಪಾರ್ಕಿನೊಳಗೆ ಎರಡೂವರೆ ಎಕರೆ ಜಾಗವನ್ನು ಅವರ ನೆನಪಿಗೆ ಮೀಸಲಿಟ್ಟು ಸ್ಟ್ರಾಬೆರಿ ಫೀಲ್ಡ್ಸ್ ಎಂದು ಹೆಸರಿಟ್ಟಿದ್ದಾರೆ. ಅವರ ಹುಟ್ಟುಹಬ್ಬದ ದಿನ, 1985ರ ಅಕ್ಟೋಬರ್ 9ರಂದು ಅದನ್ನು ಅರ್ಪಿಸಿದರು. ಗೌರವ ಸಲ್ಲಿಸುವುದಿದ್ದರೆ ಅಲ್ಲಿ ಸಲ್ಲಿಸಿ. ಕಮಾನಿನ ಮುಂದೆ ನಗುತ್ತ ಸೆಲ್ಫಿ ತೆಗೆದುಕೊಳ್ಳುವುದು ನನಗೆ ಸಹಿಸಲಾಗದು.

ಇನ್ನು ಯಾರು ಯಾರು ಇದ್ದರು?

ಸಂಗೀತ ನಿರ್ದೇಶಕ ಲಿಯೊನಾರ್ಡ್ ಬರ್ನ್‌ಸ್ಟೈನ್, ನಟಿ ಜೂಡಿ ಗಾರ್ಲೆಂಡ್, ನೃತ್ಯಗಾರ ರುಡಾಲ್ಫ್ ನುರೆಯೆವ್, ಗಾಯಕಿ ರಾಬರ್ಟಾ ಫ್ಲ್ಯಾಕ್, ನಟ ಬೋರಿಸ್ ಕಾರ್ಲಾಫ್. ಮೊದಲ ತಲೆಮಾರಿನಲ್ಲಿಯೇ ಸಂಗೀತ ಪ್ರಕಾಶಕ ಗುಸ್ತಾವ್ ಶಿರ್ಮರ್ ಇದ್ದರು. 1891ರಲ್ಲಿ ನ್ಯೂಯಾರ್ಕಿಗೆ ಬಂದಿದ್ದ ಚೈಕೋವ್‌ಸ್ಕಿ ಅವರ ಮನೆಗೆ ಬಂದು, ಇಡೀ ಕಟ್ಟಡ ಶಿರ್ಮರ್ ಒಬ್ಬರದೇ ಎಂದುಕೊಂಡರು ಎಂಬ ಕಥೆ ಇದೆ. ಹಣದ ಹಳೆಯ ಮನೆತನಗಳು ಪಾರ್ಕಿನ ಪೂರ್ವಕ್ಕೆ ನೆಲೆಸಿದರೆ, ಕಲಾವಿದರನ್ನು ತೆರೆದ ಮನಸ್ಸಿನಿಂದ ಬರಮಾಡಿಕೊಂಡದ್ದು ಈ ಪಶ್ಚಿಮ ದಂಡೆ.

ಒಳಗೆ ಹೋಗಿ ನೋಡಬಹುದೇ?

ಇಲ್ಲ. ಅದು ಜನ ವಾಸಿಸುವ ಮನೆ, ಪ್ರವಾಸಿಗಳಿಗೆ ಪ್ರವೇಶವಿಲ್ಲ. ಗೇಟಿನ ಪಕ್ಕದ ಕಾವಲು ಗೂಡಿನಲ್ಲಿ ಸಿಬ್ಬಂದಿ ಇರುತ್ತಾರೆ. ಅವರೊಡನೆ ವಾದ ಮಾಡಬೇಡಿ. ಬೀದಿಯಿಂದಲೇ ಕಮಾನಿನ ಮೂಲಕ ಅಂಗಳದ ಒಂದು ತುಣುಕು ಕಾಣುತ್ತದೆ.

ಅಲ್ಲೇ ಹತ್ತಿರದಲ್ಲಿ ನೋಡಬಹುದಾದ ಇಂಥ ಬೇರೆ ಕಟ್ಟಡಗಳಿವೆಯೇ?

ಬೀದಿ ದಾಟಿದರೆ 1931ರ ಮೆಜೆಸ್ಟಿಕ್. ಉತ್ತರಕ್ಕೆ ಎರಡು ಬೀದಿ ನಡೆದರೆ 1930ರ ಸ್ಯಾನ್ ರೆಮೋ. ಪಾರ್ಕಿನೊಳಗಿನ ಕೊಳದ ಆಚೆ ದಡದಿಂದ ಅದರ ಅವಳಿ ಗೋಪುರಗಳು ನೀರಿನಲ್ಲಿ ಕಾಣುವ ನೋಟ ಬಹಳ ಚೆನ್ನ. ಇನ್ನೂ ಮುಂದೆ 1929ರ ಬೆರೆಸ್‌ಫೋರ್ಡ್. ಈ ಎರಡೂ ಎಮೆರಿ ರಾತ್ ಅವರ ವಿನ್ಯಾಸ. ಬ್ರಾಡ್‌ವೇ ಕಡೆಗೆ ಹೋದರೆ 1904ರ ಆನ್ಸೋನಿಯಾ.

ಪಕ್ಕದ ನ್ಯೂಜೆರ್ಸಿ ರಾಜ್ಯದಿಂದ ಹೋಗುವುದು ಹೇಗೆ? ಯಾವ ಹೊತ್ತು ಒಳ್ಳೆಯದು?

ಎಡಿಸನ್ ಕಡೆಯವರು ರೈಲಿನಲ್ಲಿ ಪೆನ್ ಸ್ಟೇಷನ್‌ಗೆ ಬಂದು, ಅಲ್ಲಿ ‘ಸಿ’ ಸಬ್‌ವೇ ಹಿಡಿದು 72ನೇ ಬೀದಿಯಲ್ಲಿ ಇಳಿಯಬೇಕು. ಜೆರ್ಸಿ ಸಿಟಿಯವರು ಪಾಥ್ ರೈಲಿನಲ್ಲಿ 33ನೇ ಬೀದಿಗೆ ಬಂದರೆ ‘ಬಿ’ ಸಿಗುತ್ತದೆ, ಅದು ವಾರದ ದಿನಗಳಲ್ಲಿ ಮಾತ್ರ ಓಡುತ್ತದೆ. ಎರಡೂ ಕಟ್ಟಡದ ಬುಡಕ್ಕೇ ತಂದು ಬಿಡುತ್ತವೆ. ವಯಸ್ಸಾದವರಿದ್ದರೆ ನಿಲ್ದಾಣದ ಮೆಟ್ಟಿಲುಗಳನ್ನು ಲೆಕ್ಕದಲ್ಲಿಟ್ಟುಕೊಳ್ಳಿ.

ಬೆಳಗ್ಗೆ ಹೋಗಿ. ಪಾರ್ಕಿನ ಕಡೆಯ ಮುಖ ಪೂರ್ವಕ್ಕಿದೆ, ಒಂಬತ್ತು ಹತ್ತು ಗಂಟೆಯ ಬಿಸಿಲಿಗೆ ಹಳದಿ ಇಟ್ಟಿಗೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಪಾರ್ಕಿನ ಗೋಡೆಯ ಪಕ್ಕದಲ್ಲಿ ಬೆಂಚುಗಳಿವೆ. ಹಿರಿಯರನ್ನು ಅಲ್ಲಿ ಕೂರಿಸಿ, ಮೇಲಿನ ಛಾವಣಿಯ ಪುಟ್ಟ ಕಿಟಕಿಗಳನ್ನು ಮೊದಲು ತೋರಿಸಿ.